ಹಾಸು ದಾಟಿದ ಚಕ್ರ

ಹತ್ತಿ ಸೀರೆಗೆಂದು ಗಂಜಿ ಕುದಿಸಲು ನಿಂತರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಎದುರಿಗೆ ಯಾರೂ ಇರುವುದಿಲ್ಲ, ಸಿಟ್ಟು ಮಾತ್ರ ಬರುತ್ತದೆ. ಮೊನ್ನೆ ಮುಧೋಳದ ನಮ್ಮ ಮನೆಯಲ್ಲೂ ಹೀಗೇ ಆಯಿತು. ಪಾತ್ರೆಯೊಳಗೆ ಹಿಟ್ಟು ತೊಳಸುತ್ತ ನಿಂತಿದ್ದೆ, ಆ ಹುಳಿ ವಾಸನೆ ಮೂಗಿಗೆ ಬಂತು, "ಎಲ್ಲಾ ಮೋಸ" ಎಂದು ಗೊಣಗಿದೆನಂತೆ. "ಅಕ್ಕಾರು ಒಲಿ ಜೋಡಿ ಜಗಳಾ ತಗದಾರ ನೋಡ್ರಿ" ಎಂದು ತಮ್ಮನ ಹೆಂಡತಿ ಎಲ್ಲರ ಮುಂದೆ ಹೇಳಿಕೊಂಡು ನಕ್ಕಳು. ನಗಲಿ. ಅವಳಿಗೆ ಬನಹಟ್ಟಿಯ ಬಯಲು ಗೊತ್ತಿಲ್ಲ, ಮಹಾಲಿಂಗಪ್ಪನೂ ಗೊತ್ತಿಲ್ಲ.

ಎಂಬತ್ತರ ದಶಕದ ನಡುವೆ ಒಂದು ವರ್ಷ ನನ್ನನ್ನು ಬನಹಟ್ಟಿಯ ಹೈಸ್ಕೂಲೊಂದಕ್ಕೆ ಪಿ.ಟಿ. ಟೀಚರಾಗಿ ಹಾಕಿದ್ದರು. ಸೀರೆಯ ನೆರಿಗೆ ಸೊಂಟಕ್ಕೆ ಸಿಕ್ಕಿಸಿ, ಕೊರಳಿಗೆ ಊದುವ ಶಿಟ್ಟಿ ಹಾಕಿಕೊಂಡು ಹೆಣ್ಣುಮಗಳೊಬ್ಬಳು ಓಡುವುದನ್ನು ಆ ಊರು ಅದಕ್ಕೆ ಮೊದಲು ನೋಡಿರಲಿಲ್ಲ. ನಾನು ಓಣಿಯಲ್ಲಿ ಕಾಲಿಟ್ಟರೆ ಮಗ್ಗದ ಸದ್ದು ಒಂದೊಂದೇ ಮನೆಯಲ್ಲಿ ನಿಲ್ಲುತ್ತಿತ್ತು, ದಾಟಿ ಹೋದ ಮೇಲೆ ಮತ್ತೆ ಶುರುವಾಗುತ್ತಿತ್ತು. ಈಕೆ ಯಾರು, ಯಾಕೆ ಬಂದಳು, ಮದುವೆ ಯಾಕೆ ಆಗಿಲ್ಲ, ಎಲ್ಲ ಅನುಮಾನವೂ ಆ ಮೌನದಲ್ಲಿ ಇರುತ್ತಿತ್ತು. ಅವರನ್ನು ಬಯ್ಯುವ ಹಕ್ಕು ನನಗೇನೂ ಇಲ್ಲ. ನಾನೂ ಹುಟ್ಟಾ ಸಂಶಯದವಳೇ. ಹಾಲಿನವನು ನಗುತ್ತ ಹಾಲು ಹಾಕಿದರೆ ಇವತ್ತು ನೀರು ಹೆಚ್ಚಾಗಿದೆ ಎಂದುಕೊಳ್ಳುವವಳು.

ಶಾಲೆಯ ಹಿಂದೆ ಒಂದು ದೊಡ್ಡ ಬಯಲು. ಪಡುವಣಕ್ಕೆ ಶಾಲೆಯ ಗೋಡೆ, ಮೂಡಣಕ್ಕೆ ಸಾಲು ಬೇವಿನ ಮರ, ಅದರಾಚೆ ಬಿಳಿಜೋಳದ ಹೊಲ. ನನಗಿಂತ ಮೊದಲಿದ್ದ ಮಾಸ್ತರರು ಯಾವ ಪುಣ್ಯದಿಂದಲೋ ಗೋಡೆಯ ಬಳಿ ಒಂದು ಸಿಮೆಂಟಿನ ವೃತ್ತ ಹಾಕಿಸಿ ಹೋಗಿದ್ದರು. ಚಕ್ರ ಎಸೆತಕ್ಕೆ ಅದು ಬೇಕು. ನಾವು ಡಿಸ್ಕಸ್ ಅನ್ನುತ್ತಿದ್ದೆವು. ನಡುವೆ ಮರ, ಅಂಚಿಗೆ ಕಬ್ಬಿಣದ ಪಟ್ಟಿ ಇರುವ ಆ ಚಕ್ರವನ್ನು ಹಿಡಿದು, ವೃತ್ತದೊಳಗೇ ಗಿರ್ರನೆ ತಿರುಗಿ ಎಸೆಯಬೇಕು. ಮಳೆ ಮುಗಿಯುತ್ತಿದ್ದಂತೆ ನಾನೂ ಹುಡುಗಿಯರೂ ಆ ಬಯಲಿಗೆ ಬಿದ್ದೆವು. ನೆಗ್ಗಿಲ ಮುಳ್ಳು ಕಿತ್ತೆವು, ದನದ ಹೆಜ್ಜೆ ಬಿದ್ದು ಒಣಗಿದ ಗುಂಡಿಗಳಿಗೆ ಮಣ್ಣು ತುಂಬಿದೆವು, ವೃತ್ತದ ಬಿರುಕಿನಲ್ಲಿ ಬೆಳೆದ ಹುಲ್ಲನ್ನು ಮೊಳೆಯಿಂದ ಕೆದರಿ ತೆಗೆದೆವು. ಕೈಯೆಲ್ಲ ಗುಳ್ಳೆ ಬಂದವು. ದಸರೆಯ ಹೊತ್ತಿಗೆ ಬಯಲು ಅಂಗಳದಂತೆ ಆಗಿತ್ತು. ನನಗೆ ಬಹಳ ಹೆಮ್ಮೆಯಾಯಿತು.

ಇಷ್ಟೆಲ್ಲ ಮಾಡಿದ್ದು ಸುಮಿತ್ರಾ ಎಂಬ ಹುಡುಗಿಗಾಗಿ ಎಂದರೂ ತಪ್ಪಿಲ್ಲ. ಹತ್ತನೆಯ ತರಗತಿ, ಉದ್ದ ಕೈ, ಅಗಲ ಭುಜ. ಏನು ಕೇಳಿದರೂ "ಹೂಂರಿ" ಎಂಬ ಒಂದೇ ಉತ್ತರ. ಕಡಿಮೆ ಮಾತಾಡುವವರ ಮೇಲೆ ನನಗೆ ಸಂಶಯ ಜಾಸ್ತಿ, ಆದರೆ ಆಕೆ ಚಕ್ರ ಹಿಡಿದು ತಿರುಗಿದರೆ ನನ್ನ ಬಾಯಿ ಮುಚ್ಚುತ್ತಿತ್ತು. ಜಮಖಂಡಿಯಲ್ಲಿ ತಾಲೂಕಿಗೆ ಮೊದಲು ಬಂದಳು, ವಿಜಾಪುರದಲ್ಲಿ ಜಿಲ್ಲೆಗೆ ಮೊದಲು ಬಂದಳು. ಉಳಿದದ್ದು ಬೆಳಗಾವಿ, ವಿಭಾಗ ಮಟ್ಟ. ಅಲ್ಲಿ ಗೆದ್ದರೆ ಸರಕಾರದ ಕ್ರೀಡಾ ಹಾಸ್ಟೆಲ್ಲಿನಲ್ಲಿ ಜಾಗ ಸಿಗುತ್ತಿತ್ತು. ಊಟ, ವಸತಿ, ಕಾಲೇಜು ಎಲ್ಲ ಅಲ್ಲೇ.

ಸುಮಿತ್ರಾಳ ತಾಯಿ ಗಂಗವ್ವ ಗಂಡ ಸತ್ತ ಹೆಣ್ಣುಮಗಳು. ಬೇರೆಯವರ ಮಗ್ಗಗಳಿಗೆ ಕಂಡಿಕೆಗೆ ನೂಲು ಸುತ್ತಿ ಮನೆ ನಡೆಸುತ್ತಿದ್ದಳು. ಒಮ್ಮೆ ಶಾಲೆಗೇ ಬಂದು ನನ್ನ ಮುಂದೆ ನಿಂತಳು.

"ಅಕ್ಕೋರ, ಹುಡುಗಿ ಇದರಾಗ ಮುಂದ ಬರ್ತಾಳ ಅಂದ್ರ ಕರಕೊಂಡ ಹೋಗ್ರಿ. ಇಲ್ಲಾಂದ್ರ ಈಗ ಹೇಳಿಬಿಡ್ರಿ. ಹತ್ತನೇತ್ತೆ ಮುಗದ ಮ್ಯಾಲ ಆಕೀನ್ನ ರಾಟಿ ಮುಂದ ಕುಂದರಸಾಕ ನನಗ ಮನಸಿಲ್ಲ. ಬ್ಯಾರೆ ದಾರೀನೂ ಕಾಣವಲ್ದು."

"ಬರ್ತಾಳ" ಎಂದೆ. ಅಷ್ಟು ಖಚಿತವಾಗಿ ನಾನು ಯಾರ ಬಗ್ಗೆಯೂ ಎಂದೂ ಹೇಳಿದವಳಲ್ಲ.

ದಸರೆ ಮುಗಿದ ಮಾರನೆಯ ಬೆಳಗ್ಗೆ ನಾವು ಬಯಲಿಗೆ ಹೋದರೆ, ನಟ್ಟನಡುವೆ ಬಿಳಿ ಧೋತರದ ಮುದುಕನೊಬ್ಬ ಗೂಟ ಬಡಿಯುತ್ತಿದ್ದ. ಆತನ ಹಿಂದೆ ಐದಾರು ಮಂದಿ ನೂಲಿನ ದೊಡ್ಡ ಉಂಡೆ ಹೊತ್ತು ನಿಂತಿದ್ದರು. ಆತನೇ ಮಹಾಲಿಂಗಪ್ಪ, ನೇಕಾರ ಓಣಿಯ ಹಿರಿಯ.

"ಯಾರನ್ನ ಕೇಳಿ ಇಲ್ಲಿ ಗೂಟಾ ಬಡ್ಯಾಕತ್ತೀರಿ?" ಎಂದೆ.

ಆತ ಬಡಿಯುವುದನ್ನು ನಿಲ್ಲಿಸಲಿಲ್ಲ. "ನಮ್ಮ ಮುತ್ಯಾನ್ನ ಕೇಳಿ."

"ಇದು ಸಾಲಿ ಬಯಲು."

"ಸಾಲಿ ಕಟ್ಟಿದ್ದು ಮೊನ್ನೆ. ನಾವು ಹಾಸು ಹಾಕಾಕತ್ತಿದ್ದು ಯಾವಾಗಿಂದೋ. ನೀವು ಯಾವೂರವ್ರಿ?"

"ಮುಧೋಳ."

"ಹೌದಾ," ಎಂದು ಮುದುಕ ತಲೆ ಆಡಿಸಿದ. "ಅದಕ್ಕ."

ಅದಕ್ಕ ಅಂದರೆ ಏನು ಎಂದು ನಾನು ಇಡೀ ದಿನ ತಲೆ ಕೆಡಿಸಿಕೊಂಡೆ.

ಹಾಸು ಅಂದರೆ ಬಟ್ಟೆಯ ಉದ್ದದ ಎಳೆಗಳು. ಮಗ್ಗಕ್ಕೆ ಏರಿಸುವ ಮೊದಲು ಆ ಎಳೆಗಳನ್ನೆಲ್ಲ ಬಯಲಿನಲ್ಲಿ ಬಿಗಿಯಾಗಿ ಎಳೆದು ಕಟ್ಟಿ, ಕುಂಚದಿಂದ ಗಂಜಿ ಹಚ್ಚಿ, ಬಿಸಿಲಿಗೆ ಒಣಗಿಸಿ ಸುತ್ತಿಕೊಂಡು ಹೋಗುತ್ತಾರೆ. ಮಳೆಗಾಲದಲ್ಲಿ ಇದು ಆಗದು. ಬಿಸಿಲೇರಿದ ಮೇಲೆ ಮಾಡಿದರೆ ಎಳೆ ಕಡಕಾಗುತ್ತದೆ. ದಸರೆ ಕಳೆದ ಮೇಲಿನ ತಣ್ಣನೆಯ ಬೆಳಗೇ ಬೇಕು. ನಮಗೂ ಅದೇ ಬೆಳಗು ಬೇಕಿತ್ತು. ಸಂಜೆ ಬಯಲಿನ ತುಂಬ ಊರ ಹುಡುಗರ ಕ್ರಿಕೆಟ್ಟು, ಹೆಣ್ಣುಹುಡುಗಿಯರನ್ನು ಆ ಹೊತ್ತಿಗೆ ಯಾರೂ ಮನೆಯಿಂದ ಹೊರಗೆ ಬಿಡುತ್ತಿರಲಿಲ್ಲ. ಸಿಮೆಂಟಿನ ವೃತ್ತವನ್ನು ನಾನು ಎತ್ತಿ ಬೇರೆಡೆ ಇಡುವಂತಿರಲಿಲ್ಲ. ಅವರಿಗೂ ಹಾಗೇ, ಬಯಲಿನ ಎರಡೂ ತುದಿಗೆ ತಾತನ ಕಾಲದಲ್ಲಿ ಹುಗಿದ ಕಲ್ಲುಗಳಿದ್ದವು. ಬಡಗಣದ ಕಲ್ಲಿನಿಂದ ತೆಂಕಣದ ಕಲ್ಲಿಗೆ ಹಾಸು ಎಳೆದರೆ ನಮ್ಮ ವೃತ್ತಕ್ಕೂ ಚಕ್ರ ಬೀಳುವ ಜಾಗಕ್ಕೂ ನಡುವೆ ಸರಿಯಾಗಿ ಅಡ್ಡ ಬರುತ್ತಿತ್ತು.

ಹೆಡ್‌ಮಾಸ್ತರರ ಹತ್ತಿರ ಹೋದೆ. ಅವರು ಮೂಗಿಗೆ ನಶ್ಯ ಏರಿಸುತ್ತ ಹೇಳಿದರು: "ಹೊಂದಕೊಂಡ ಹೋಗ್ರಿ ಬಾಯಾರ. ಬಯಲು ಸಾಲೀದೂ ಅಲ್ಲ, ಅವರದೂ ಅಲ್ಲ, ಪುರಸಭಾದ್ದು. ನೀವಿಬ್ಬರೂ ಬಾಯಿ ತಗದ್ರ ಮೂರನೇದಾಂವ ಬಂದು ಬೇಲಿ ಹಾಕ್ತಾನ."

ಆ ಮೂರನೆಯವನು ನನ್ನ ತಲೆ ಹೊಕ್ಕು ಕುಳಿತ. ಪಾವರ್‌ಲೂಮ್ ಶೆಡ್ಡಿಗೆ ಜಾಗ ಹುಡುಕುವ ಸಾಹುಕಾರರು ಊರಲ್ಲಿ ಆಗ ಬೇಕಾದಷ್ಟಿದ್ದರು. ಅವರಲ್ಲಿ ಒಬ್ಬರು ಮುದುಕನನ್ನು ಮುಂದೆ ಬಿಟ್ಟಿದ್ದಾರೆ ಎಂದು ನಾನು ನಿರ್ಧರಿಸಿಬಿಟ್ಟೆ. ನಾನು ತಾಲೂಕು ಕಚೇರಿಗೆ ಅರ್ಜಿ ಬರೆದು ಬಯಲಿಗೆ ಗೋಡೆ ಕಟ್ಟಿಸುತ್ತೇನೆ ಎಂದು ಅತ್ತ ಮಹಾಲಿಂಗಪ್ಪ ನಿರ್ಧರಿಸಿದ್ದನಂತೆ. ಇಬ್ಬರ ಕೈಯಲ್ಲೂ ಸಾಕ್ಷಿ ಎಂಬುದು ಏನೂ ಇರಲಿಲ್ಲ.

ಒಂದು ಬೆಳಗ್ಗೆ ವೃತ್ತದೊಳಗೆ ಕಾಲಿಟ್ಟ ಸುಮಿತ್ರಾ ಜಾರಿ ಬಿದ್ದಳು. ಮೊಣಕೈ ತರಚಿತು. ಬಗ್ಗಿ ನೋಡಿದರೆ ಸಿಮೆಂಟಿನ ತುಂಬ ಗಂಜಿ. ಬೇಕೆಂದೇ ಸವರಿದ್ದಾರೆ ಎಂದು ನನ್ನ ಮೈ ಉರಿಯಿತು. ಸೆರಗು ಬಿಗಿದು ಮುದುಕನ ಎದುರು ಹೋಗಿ ನಿಂತೆ.

"ಹುಡುಗಿ ಕೈ ಮುರದಿದ್ರ ಏನ ಮಾಡ್ತಿದ್ರಿ? ಗಂಜಿ ಯಾರು ಸುರುವಿದ್ರು ಅಲ್ಲಿ?"

ಆತ ಉತ್ತರಿಸುವ ಮೊದಲೇ ಕುಂಚ ಹಿಡಿದ ಹೆಂಗಸೊಬ್ಬಳು, "ನಾವರಿ," ಎಂದಳು. ಮುಚ್ಚುಮರೆಯೇ ಇಲ್ಲ. "ಗಂಜಿ ಸೋಸಾಕ ಅಂತ ಸರಕಾರದವ್ರು ಕಟ್ಟಿ ಕಟ್ಟಿಸ್ಯಾರಲ್ರಿ, ಅದರ ಮ್ಯಾಲ ಸೋಸೀವಿ. ಭಾಳ ಚಲೋ ಆಗೇತಿ ನೋಡ್ರಿ. ಮೊದಲ ಮಣ್ಣಾಗ ಕುಂತು ಸೋಸತಿದ್ವಿ."

ಆ ವೃತ್ತ ತಮಗೇ ಎಂದು ಅವರು ಎರಡು ವರ್ಷದಿಂದ ನಂಬಿದ್ದರು. ಅದನ್ನು ಹಾಕಿಸಿದವರನ್ನು ಹರಸುತ್ತಿದ್ದರಂತೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆದರೂ ಆಕೆ ಹೇಳಿದ್ದು ಖರೆಯೋ ಕಟ್ಟಿದ್ದೋ ಎಂದು ನಾನು ಮನಸ್ಸಿನಲ್ಲೇ ತೂಗಿದೆ. ಅಂದಿನಿಂದ ದಿನಾ ನಸುಕಿಗೆ ತೆಂಗಿನ ನಾರು, ಬೂದಿ ಹಾಕಿ ವೃತ್ತ ತಿಕ್ಕುವುದು ನಮ್ಮ ಮೊದಲ ವ್ಯಾಯಾಮವಾಯಿತು. ಎಷ್ಟು ತಿಕ್ಕಿದರೂ ಆ ಹುಳಿ ವಾಸನೆ ಹೋಗಲಿಲ್ಲ. ಗಂಜಿಯ ಮೇಲಿನ ನನ್ನ ಸಿಟ್ಟು ಅಲ್ಲಿಯದು.

ಕೊನೆಗೆ ಹೇಗೋ ಒಂದು ಹೊಂದಾಣಿಕೆ ಹುಟ್ಟಿತು. ಮೊದಲ ಸಲ ಗಂಜಿ ಹಚ್ಚಿದ ಮೇಲೆ ಅದು ಆರುವವರೆಗೆ ನೇಕಾರರು ಬಡಗಣ ತುದಿಗೆ ಹೋಗಿ ಕುಳಿತು ಚಹಾ ಕುಡಿಯುತ್ತಿದ್ದರು. ಅಷ್ಟು ಹೊತ್ತು ಬಯಲು ನಮ್ಮದು. ಉಳಿದ ಹುಡುಗಿಯರ ಚಕ್ರ ಹಾಸಿನವರೆಗೂ ಹೋಗುತ್ತಿರಲಿಲ್ಲ, ಅವರಿಗೆ ಗೋಡೆಯ ಪಕ್ಕದಲ್ಲಿ ಬೇರೆ ಆಟ. ಸುಮಿತ್ರಾಳ ಚಕ್ರ ಮಾತ್ರ ಹಾಸಿನ ಮೇಲಿಂದ ಹಾರಿ ಆಚೆಯ ಕರಿಮಣ್ಣಿನಲ್ಲಿ ಬೀಳಬಲ್ಲದು ಎಂದು ನನಗೆ ಗೊತ್ತಿತ್ತು.

ಮೊದಲ ದಿನ ಶಿಟ್ಟಿ ಊದಿದೆ. ಆಕೆ ತಿರುಗಿ ಎಸೆದಳು. ಚಕ್ರ ಬಿಳಿ ಎಳೆಗಳ ಮೇಲೆ ಎತ್ತರದಲ್ಲಿ ಹಾರಿ ಆಚೆ ಬಿತ್ತು. ಎಳೆಗೆ ಅದರ ಗಾಳಿಯೂ ತಾಗಿರಲಾರದು. ಆದರೆ ಮಹಾಲಿಂಗಪ್ಪ ಚಹಾದ ಬಟ್ಟಲು ಕೆಳಗಿಟ್ಟು ಎದ್ದು ಬಂದ.

"ದಾಟಿತು," ಎಂದ.

"ಏನು?"

"ನಿಮ್ಮ ತಾಟು ಹಾಸು ದಾಟಿತು."

ನೇಕಾರರಲ್ಲಿ ಒಂದು ಪದ್ಧತಿ ಇತ್ತು, ಅದನ್ನು ನಾನೂ ಅಷ್ಟರಲ್ಲಿ ಕಂಡಿದ್ದೆ. ಎಳೆದು ಕಟ್ಟಿದ ಹಾಸನ್ನು ಯಾರೂ ದಾಟುವುದಿಲ್ಲ. ಆ ಕಡೆ ಹೋಗಬೇಕಾದವರು ಕಲ್ಲಿನ ತುದಿಯವರೆಗೆ ಸುತ್ತಿಕೊಂಡು ಹೋಗುತ್ತಾರೆ. ಆಡುವ ಮಗು ಮರೆತು ದಾಟಿದರೆ ಅದರ ಕೈ ಹಿಡಿದು ಅದೇ ಜಾಗದಿಂದ ಹಿಂದಕ್ಕೆ ದಾಟಿಸುತ್ತಾರೆ. ಇಲ್ಲವಾದರೆ ಆ ಹಾಸು ಮಗ್ಗಕ್ಕೆ ಏರಿದ ಮೇಲೆ ಎಳೆ ಹರಿಯುತ್ತಲೇ ಇರುತ್ತದೆ ಎಂಬ ನಂಬಿಕೆ.

"ದಾಟಿದ್ದು ಹೊಳ್ಳಿ ಹಂಗ ಬರಬೇಕು," ಎಂದ ಮುದುಕ. "ಕೈಯಾಗ ಹಿಡಕೊಂಡು ಸುತ್ತಿ ಬಂದ್ರ ನಡಿಯೂದಿಲ್ಲ. ಯಾರು ಒಗದಾರೋ ಅವರ ಆ ಕಡೆ ನಿಂತು ಹೊಳ್ಳಿ ಒಗೀಬೇಕು."

"ದಿನಾ ನೂರು ಕಾಗಿ ಹಾರ್ತಾವಲ್ರಿ ಇದರ ಮ್ಯಾಲ. ಅವನ್ನೂ ಹೊಳ್ಳಿ ಕರಸ್ತೀರೇನು?"

"ಕಾಗಿಗೆ ಯಾರು ಕಲಸ್ಯಾರ್ರಿ ಅಕ್ಕೋರ? ಈಕಿಗೆ ನೀವು ಕಲಿಸೀರಿ."

ಐದಾರು ಮಂದಿ ನೇಕಾರರು ಹೌದೆಂದು ತಲೆ ಆಡಿಸಿದರು. ನನಗೆ ಎಲ್ಲವೂ ಕನ್ನಡಿಯಲ್ಲಿ ಕಂಡಷ್ಟು ಸ್ಪಷ್ಟವಾಗಿ ಕಂಡಿತು. ಆಚೆಯ ಕಡೆ ಬಯಲು ಇಳಿಜಾರು. ಅಲ್ಲಿ ವೃತ್ತವಿಲ್ಲ, ಹೆಂಟೆ ಮಣ್ಣು, ಕಾಲು ತಿರುಗುವುದಿಲ್ಲ. ಅಲ್ಲಿಂದ ಮೇಲ್ಮುಖವಾಗಿ ಎಸೆಯಬೇಕು. ಎಸೆತ ಸ್ವಲ್ಪ ಗಿಡ್ಡವಾದರೆ ಚಕ್ರ ನೇರ ಹಾಸಿನ ಮೇಲೆ ಬಿದ್ದು ಕಬ್ಬಿಣದ ಅಂಚು ಎಳೆಗಳನ್ನು ಕತ್ತರಿಸುತ್ತದೆ. ಆಮೇಲೆ ನಮ್ಮನ್ನು ಬಯಲಿನಿಂದ ಓಡಿಸಲು ಬೇರೆ ಕಾರಣ ಬೇಕಿಲ್ಲ. ಮುದುಕ ಗುಂಡಿ ತೋಡಿ ಮೇಲೆ ಹುಲ್ಲು ಹೊದಿಸಿದ್ದ.

"ಬ್ಯಾಡ ಸುಮಿತ್ರಾ, ನಡಿ," ಎಂದೆ. ಆದರೆ ಆಕೆ ಅಷ್ಟರಲ್ಲಿ ಕಲ್ಲಿನ ತುದಿ ಸುತ್ತಿಕೊಂಡು ಆಚೆ ಹೋಗಿಬಿಟ್ಟಿದ್ದಳು. ಚಕ್ರ ಎತ್ತಿಕೊಂಡಳು, ಬರಿಗಾಲಿನಿಂದ ಹೆಂಟೆಗಳನ್ನು ಸರಿಸಿ ಜಾಗ ಮಾಡಿಕೊಂಡಳು. ಆಕೆ ತಿರುಗಿದಳು, ಎಸೆದಳು. ಚಕ್ರ ಹಾಸು ದಾಟಿ, ದಾಟಿದ ಮೇಲೆ ಹೆಚ್ಚು ದೂರ ಹೋಗದೆ, ಈಚೆಯ ಮಣ್ಣಿನಲ್ಲಿ ಬಿತ್ತು. ಮಹಾಲಿಂಗಪ್ಪ ಹೋಗಿ ತನ್ನ ತಣ್ಣಗಾದ ಚಹಾ ಕುಡಿದ.

ಹೀಗೆ ಆ ಹಂಗಾಮು ಪೂರ ನಡೆಯಿತು. ಆಕೆ ಈಚೆಯಿಂದ ಎಸೆಯುವುದು, ಸುತ್ತಿಕೊಂಡು ಓಡುವುದು, ಆಚೆಯಿಂದ ಎಸೆಯುವುದು, ಮತ್ತೆ ಓಡುವುದು. ಸಮೀರವಾಡಿಯ ಸಕ್ಕರೆ ಕಾರ್ಖಾನೆಗೆ ಕಬ್ಬಿನ ಗಾಡಿಗಳು ಹೊರಡಲು ಶುರುವಾದವು, ಜೋಳ ತೆನೆ ಕಟ್ಟಿತು, ಮುಂಜಾನೆಯ ಮಂಜಿನಲ್ಲಿ ನೇಕಾರರ ಬಾಯಿಯಿಂದ ಹೊಗೆಯಂತೆ ಉಸಿರು ಬರತೊಡಗಿತು. ಸುಮಿತ್ರಾಳ ಭುಜ ದಪ್ಪವಾಯಿತು. ಇಳಿಜಾರಿನಿಂದ ಮೇಲಕ್ಕೆ ಎಸೆದೂ ಎಸೆದೂ ವೃತ್ತದೊಳಗಿನ ಎಸೆತ ಆಕೆಗೆ ಆಟವಾಯಿತು. ಇದನ್ನು ನಾನು ಕಣ್ಣಾರೆ ಕಂಡೆ. ಕಂಡರೂ ಮುದುಕನ ಮೇಲಿನ ಸಂಶಯ ಬಿಡಲಿಲ್ಲ. ಈತ ಎಂದಾದರೊಂದು ದಿನ ಎಳೆ ಹರಿಯುವುದನ್ನೇ ಕಾಯುತ್ತಿದ್ದಾನೆ ಎಂದುಕೊಂಡು, ಆಕೆ ಎಸೆಯುವಾಗ ಚಕ್ರದ ಬದಲು ಆತನ ಮುಖ ನೋಡುತ್ತಿದ್ದೆ.

ಒಮ್ಮೆ ಆ ದಿನ ಬಂದೇಬಿಟ್ಟಿತು ಅನಿಸಿತು. ಆಚೆಯಿಂದ ಎಸೆದ ಚಕ್ರ ಗಿಡ್ಡವಾಗಿ ಹಾಸಿನ ಅಂಚಿಗೆ ಬಿದ್ದು, ಒದ್ದೆ ಎಳೆಗಳ ಮೇಲೆ ಮಣ್ಣು ಚಿಮ್ಮಿತು. ಮುದುಕ ನಿಧಾನವಾಗಿ ನಡೆದು ಬಂದ. ನಾನು ಜಗಳಕ್ಕೆ ಮಾತು ಜೋಡಿಸಿಕೊಂಡು ನಿಂತೆ. ಆತ ಕುಕ್ಕರಗಾಲಲ್ಲಿ ಕುಳಿತು ಧೋತರದ ಚುಂಗಿನಿಂದ ಎಳೆಗಳ ಮಣ್ಣು ಒರೆಸಿದ. ಚಕ್ರವನ್ನು ಮುಟ್ಟದೆ, ಸುಮಿತ್ರಾಳ ಕಡೆ ನೋಡಿ, "ಇದು ದಾಟಿಲ್ಲ. ಇನ್ನೊಮ್ಮೆ ಒಗಿಯವಾ," ಎಂದ.

ಅವತ್ತು ನನ್ನ ಸಂಶಯ ಇಮ್ಮಡಿಯಾಯಿತು. ಒಳ್ಳೆಯದನ್ನು ಮಾಡುವ ಶತ್ರುವಿನಷ್ಟು ತಲೆನೋವು ಬೇರೆ ಇಲ್ಲ.

ಎಳ್ಳಮಾಸಿ ಹಬ್ಬಕ್ಕೆ ಇನ್ನೂ ಕೆಲವು ದಿನವಿದ್ದಾಗ ಬೆಳಗಾವಿಯ ಕೂಟದ ದಿನ ಗೊತ್ತಾಯಿತು. ಗಂಗವ್ವನಿಗೆ ಹೇಳಲು ಹೋದೆ. ಆಕೆಯ ಮುಖ ಅರಳಿ ಹಿಂದೆಯೇ ಬಾಡಿತು. ಆ ವರ್ಷ ಆಕೆ ಮೊದಲ ಸಲ ಸ್ವಂತ ನೂಲು ತಂದಿದ್ದಳು. ಮೂಲೆಗೆ ಬಿದ್ದಿದ್ದ ಗಂಡನ ಮಗ್ಗವನ್ನು ಸರಿಪಡಿಸಿ ನಿಲ್ಲಿಸಿದ್ದಳು. ಬಯಲಿನಲ್ಲಿ ಹಾಸು ಹಾಕಲು ಮನೆಮನೆಗೂ ಪಾಳಿ ಇರುತ್ತಿತ್ತು. ಗಂಗವ್ವನ ಪಾಳಿ ಸರಿಯಾಗಿ ಅದೇ ದಿನಕ್ಕೆ ಬಂದಿತ್ತು.

"ಪಾಳಿ ಬಿಟ್ರ ಮತ್ತ ಯಾವಾಗ ಬರ್ತದೋ ಏನೋರಿ. ನಾ ಬರೂದಿಲ್ಲ, ನೀವ ಕರಕೊಂಡ ಹೋಗ್ರಿ," ಎಂದಳು. ಆಮೇಲೆ ಮಗಳ ತಲೆ ಸವರಿ, "ಇಬ್ಬರದೂ ಒಂದ ದಿನಕ್ಕ ಬಂತು ನೋಡವಾ," ಎಂದಳು. ಸುಮಿತ್ರಾ, "ಹೂಂ," ಎಂದಳು.

ಗೋಕಾಕ ಹಾಯ್ದು ಬೆಳಗಾವಿಗೆ ಹೋಗುವ ಬಸ್ಸಿನಲ್ಲಿ ಆಕೆಗೆ ಎಲ್ಲ ನಿಯಮ ಇನ್ನೊಮ್ಮೆ ಹೇಳಿದೆ. "ಮುಖ್ಯದ್ದು ಕೇಳು. ಅಲ್ಲಿ ಹೊಳ್ಳಿ ಒಗ್ಯಾಂಗಿಲ್ಲ. ಬಿದ್ದ ಡಿಸ್ಕಸ್ ಕೈಯಾಗ ಹಿಡಕೊಂಡ ಬರತಾರ. ಒಗದ್ರ ಯಾರಿಗರೆ ಬಡೀತೈತಿ, ಆಟದಿಂದ ತಗದ ಹಾಕ್ತಾರ. ತಿಳೀತು?"

"ಹೂಂರಿ."

ಬೆಳಗಾವಿಯ ಮೈದಾನದಲ್ಲಿ ಹಸಿರು ಹುಲ್ಲು, ಸುಣ್ಣದ ಗೆರೆ, ದೂರ ಅಳೆಯಲು ಅಡ್ಡಲಾಗಿ ಎಳೆದು ಕಟ್ಟಿದ ಬಿಳಿ ಪಟ್ಟಿಗಳು. ಅಲ್ಲಿಯೂ ನಾನು ಎಲ್ಲರನ್ನೂ ಅನುಮಾನದಿಂದಲೇ ನೋಡಿದೆ. ಟೇಪು ಹಿಡಿಯುವವನು ಯಾವ ಶಾಲೆಯ ಕಡೆಯವನು, ತೀರ್ಪುಗಾರರು ಯಾರ ಜೊತೆ ಚಹಾ ಕುಡಿದರು, ಎಲ್ಲ ಗಮನಿಸಿದೆ. ಸುಮಿತ್ರಾಳ ಮೊದಲ ಎಸೆತಕ್ಕೇ ಜನ ತಿರುಗಿ ನೋಡಿದರು. ಎರಡನೆಯದು ಅದಕ್ಕಿಂತ ದೂರ ಹೋಯಿತು. ಎರಡೂ ಸಲ ಆಕೆ ಎಸೆದ ಮೇಲೆ ಸೆರಗು ಇಲ್ಲದ ಕಡೆ ಸೆರಗು ಹುಡುಕುವಂತೆ ಕೈ ಹೊಸೆಯುತ್ತ ನಿಂತಿದ್ದಳು. ಗಾಬರಿ ಇರಬೇಕು ಎಂದುಕೊಂಡೆ.

ಮೂರನೆಯ ಎಸೆತ ನಾನು ಜನ್ಮದಲ್ಲಿ ಕಂಡ ಅತಿ ಚೆಂದದ ಎಸೆತ. ಚಕ್ರ ಅಲುಗದೆ, ಮಲಗಿದಂತೆ, ಬಿಳಿ ಪಟ್ಟಿಗಳನ್ನೆಲ್ಲ ಹಿಂದೆ ಹಾಕಿ ಹೋಯಿತು. ಎಸೆತ ಸರಿ ಎಂದು ಬಿಳಿ ಬಾವುಟ ಮೇಲೆದ್ದಿತು. ನಾನು ಕೂಗಲು ಬಾಯಿ ತೆರೆದೆ. ಅಷ್ಟರಲ್ಲಿ ಸುಮಿತ್ರಾ ಓಡುತ್ತಿದ್ದಳು. ಮೈದಾನದ ಬದಿಯಿಂದ ಸುತ್ತಿಕೊಂಡು ಓಡಿ, ಚಕ್ರ ಎತ್ತಲು ಬಂದ ಸ್ವಯಂಸೇವಕನಿಗಿಂತ ಮೊದಲೇ ಅದನ್ನು ಎತ್ತಿಕೊಂಡಳು. ಬ್ಯಾಡ ಎಂದು ಕಿರುಚಿದೆ. ಆಕೆ ತಿರುಗಿದಳು, ಎಸೆದಳು. ಟೇಪಿನ ಮೇಲೆ ಬಗ್ಗಿದ್ದ ತೀರ್ಪುಗಾರರ ತಲೆಯ ಮೇಲಿಂದ ಚಕ್ರ ಹಾರಿ ಬಿಳಿ ಪಟ್ಟಿಗಳ ಈಚೆ ಬಂದು ಬಿತ್ತು.

ಯಾರಿಗೂ ಏನೂ ಆಗಲಿಲ್ಲ. ಆದರೆ ನಿಯಮ ನಿಯಮವೇ. ತೀರ್ಪುಗಾರರು ಬಿಳಿಚಿಕೊಂಡ ಮುಖದಲ್ಲಿ ಶಿಟ್ಟಿ ಊದಿ ಆಕೆಯನ್ನು ಆಟದಿಂದ ತೆಗೆದರು. ನಾನು ಜಗಳವಾಡಲಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಹಾಸ್ಟೆಲ್ಲಿನ ಜಾಗ ಆಕೆಗಿಂತ ಬಹಳ ಹಿಂದೆ ಎಸೆದ ಹುಡುಗಿಯೊಬ್ಬಳಿಗೆ ಹೋಯಿತು.

ವಾಪಸು ಬರುವ ಬಸ್ಸಿನಲ್ಲಿ ಮಾತಾಡಿದರೆ ಬಯ್ಯುತ್ತೇನೆ ಎಂದು ಗೊತ್ತಿತ್ತು. ಕೊನೆಗೆ ತಡೆಯಲಾರದೆ ಕೇಳಿದೆ.

"ಹೇಳಿದ್ದು ಮರತೇನು?"

"ಇಲ್ರಿ. ನೆನಪಿತ್ರಿ."

"ಮತ್ತ?"

ಆಕೆ ಕಿಟಕಿಯ ಕಡೆ ಮುಖ ಮಾಡಿದಳು. ಅಷ್ಟುದ್ದ ಮಾತನ್ನು ಆಕೆ ಆಡಿದ್ದು ನಾನು ಅದೊಂದೇ ಸಲ ಕೇಳಿದ್ದು. "ಇವತ್ತ ಅವ್ವನ ಹಾಸು ಹಾಕ್ಯಾರ್ರಿ. ಎಲ್ಲಿ ನಿಂತು ಒಗದರೇನ್ರಿ, ಒಗದಾಕಿ ನಾನ ಅಲ್ಲೇನ್ರಿ? ಮೊದಲಿನ ಎರಡು ಹೊಳ್ಳಿ ಒಗೀದ ಬಿಟ್ಟೆ, ನೀವು ಬ್ಯಾಡ ಅಂದಿದ್ರಿ. ಎದಿ ಡವಡವ ಅನ್ನಾಕತ್ತಿತ್ರಿ. ಮೂರನೇದು ಭಾಳ ದೂರ ಹೋತ್ರಿ ಅಕ್ಕೋರ. ಆ ಬಿಳಿ ಪಟ್ಟಿ ನೋಡಿ ನನಗ ಅವ್ವನ ಹಾಸ ಕಂಡಂಗಾತು. ಅಷ್ಟ ಎಳಿ ಹರದ್ರ ಅವ್ವ ಏನ ಮಾಡ್ತಾಳ್ರಿ?"

ನನಗೆ ಆಕೆಯ ಮೇಲೆ ಸಿಟ್ಟು ಉಳಿಯಲಿಲ್ಲ. ಇದ್ದ ಸಿಟ್ಟೆಲ್ಲ ಒಟ್ಟಾಗಿ ಮಹಾಲಿಂಗಪ್ಪನ ಕಡೆ ತಿರುಗಿತು.

ಮಾರನೆಯ ಬೆಳಗ್ಗೆ ಬಿಸಿಲು ಬೀಳುವ ಮೊದಲೇ ಬಯಲಿಗೆ ಹೋದೆ. ಮುದುಕ ಒಬ್ಬನೇ ಕಲ್ಲಿನ ಬಳಿ ಕುಳಿತು ಹಗ್ಗ ಹೊಸೆಯುತ್ತಿದ್ದ. ನಡೆದದ್ದನ್ನೆಲ್ಲ ಹೇಳಿದೆ. ದನಿ ಏರಿಸಿಯೇ ಹೇಳಿದೆ. ಆತನ ಕೈ ನಿಧಾನವಾಯಿತು, ಆಮೇಲೆ ಪೂರ್ತಿ ನಿಂತಿತು.

"ತಗದ ಹಾಕಿದ್ರಾ?"

"ತಗದ ಹಾಕಿದ್ರು. ಎಲ್ಲಾರಕಿಂತ ದೂರ ಒಗದಿದ್ಲು."

ಮುದುಕ ಹೊಸೆದ ಹಗ್ಗ ಕೆಳಗಿಟ್ಟ. ಆಮೇಲೆ, "ಅದು ನಾ ಹುಟ್ಟಿಸಿದ ಮಾತರಿ ಅಕ್ಕೋರ," ಎಂದ.

"ಯಾವ ಮಾತು?" ಎಂದೆ.

"ಮನಿಶ್ಯಾ ದಾಟಬಾರದು, ಅದು ಖರೆ. ಹಿರಿಯಾರಿಂದ ಬಂದದ್ದು. ಮ್ಯಾಲಿಂದ ಹಾರೂದಕ್ಕ ಯಾವ ಶಾಸ್ತ್ರಾನೂ ಇಲ್ಲ. ಆ ಇಳುಕಲಿನಿಂದ ಒಗ್ಯಾಕ ಹೆಣ್ಣ ಹುಡುಗಿ ಕೈಲೆ ಆಗೂದಿಲ್ಲ, ಬ್ಯಾಸರ ಮಾಡಿಕೊಂಡು ನೀವು ಬಯಲು ಬಿಡ್ತೀರಿ ಅಂತ ಮಾಡಿದ್ದೆ. ಆಕಿ ಒಗದಬಿಟ್ಲು. ಹತ್ತು ಮಂದಿ ಮುಂದ ಆಡಿದ ಮಾತು, ಓಣಿ ಹಿರ್ಯಾ ಅನ್ನಿಸಿಕೊಂಡಾಂವ ಹೆಂಗ ನುಂಗಲಿ? ಈಗ ಓಣಿ ತುಂಬ ಅದನ್ನ ಖರೆ ಅಂತ ನಂಬ್ಯಾರ."

ಮೊದಲ ದಿನದಿಂದಲೂ ನಾನು ಅಂದುಕೊಂಡಿದ್ದು ಇದನ್ನೇ. ಇದು ಆತನ ಬಾಯಿಂದ ಬರಲೆಂದು ಒಂದು ಹಂಗಾಮು ಪೂರ ಕಾದಿದ್ದೆ. ಬಂದರೆ ಊರಿಗೆಲ್ಲ ಕೇಳುವಂತೆ ನಗಬೇಕು ಎಂದುಕೊಂಡಿದ್ದೆ. ಬಂತು, ನನಗೆ ಅಳು ಬಂತು. ನನ್ನ ಅನುಮಾನ ಒಂದು ಸಲವಾದರೂ ಸುಳ್ಳಾಗಬಾರದಿತ್ತೇ ಎಂದು ದೇವರನ್ನು ಬಯ್ದುಕೊಂಡೆ.

"ನಾನ ಆಕಿಗೆ ಹೇಳ್ತೀನಿ," ಎಂದು ಮುದುಕ ಮೊಣಕಾಲಿಗೆ ಕೈ ಊರಿ ಎದ್ದ. "ತಪ್ಪಾತು ಅಂತೀನಿ. ಎಲ್ಲಾರ ಮುಂದ ಅಂತೀನಿ."

ಅಷ್ಟರಲ್ಲಿ ಓಣಿಯ ಕಡೆಯಿಂದ ನೇಕಾರರು ಬರುತ್ತಿದ್ದರು. ಅವರ ಮುಂದೆ ಗಂಗವ್ವ, ಆಕೆಯ ಹಿಂದೆ ಸುಮಿತ್ರಾ. ಗಂಗವ್ವ ಅಷ್ಟು ಜೋರಾಗಿ ನಡೆಯುವುದನ್ನು ನಾನು ನೋಡಿರಲಿಲ್ಲ. ಬಂದವಳೇ ಮಹಾಲಿಂಗಪ್ಪನ ಕಾಲು ಮುಟ್ಟಿದಳು.

"ಅಜ್ಜಾರ, ಹಾಸು ಮಗ್ಗಕ್ಕ ಏರಿತ್ರಿ. ಒಂದ ಎಳಿ ಹರೀಲಿಲ್ಲ ನೋಡ್ರಿ." ಆಮೇಲೆ ಮಗಳನ್ನು ತೋಳು ಹಿಡಿದು ಮುಂದಕ್ಕೆ ಎಳೆದುಕೊಂಡು ಎಲ್ಲರ ಕಡೆ ತಿರುಗಿದಳು. ಆಕೆಯ ಕಣ್ಣಲ್ಲಿ ನೀರಿತ್ತು, ಮುಖದ ಮೇಲೆ ನಾನು ಯಾವ ಗೆದ್ದ ಹುಡುಗಿಯ ತಾಯಿಯಲ್ಲೂ ಕಾಣದ ಬೆಳಕಿತ್ತು. "ಬೆಳಗಾವ್ಯಾಗ ಎಲ್ಲಾ ಬಿಟ್ಟಕೊಟ್ಟು ನನ್ನ ಹಾಸು ಕಾದಾಳ್ರಿ ನನ್ನ ಮಗಳು. ಹೌದಲ್ರಿ ಅಜ್ಜಾರ?"

ಮಹಾಲಿಂಗಪ್ಪ ಬಾಯಿ ತೆರೆದ. ಆತ ನನ್ನ ಕಡೆ ನೋಡಿದ. ಸುಮಿತ್ರಾಳೂ ನನ್ನನ್ನೇ ನೋಡುತ್ತಿದ್ದಳು.

"ಹೌದವಾ," ಎಂದೆ ನಾನೇ. "ಕಾದಾಳ."